ಕಸೂತಿ ಚಿತ್ರಗಳಿಗೊಂದು ಜಾಗ

ಡೊಂಬಿವ್ಲಿಯ ಪೂನಂ ಮತ್ತು ಅವಳ ಅತ್ತೆ ರತ್ನಾಬಾಯಿ ಸೇರಿ ಸೀರೆ, ಕುಪ್ಪಸಗಳಿಗೆ ಕಸೂತಿ ಹಾಕಿಕೊಡುತ್ತಿದ್ದರು. ಹೊಲಿಗೆ ಧಾರವಾಡದ ಅತ್ತೆಯದು. ಫೋಟೊ ತೆಗೆದು ಗಿರಾಕಿಗಳಿಗೆ ತೋರಿಸುವುದು ಪಕ್ಕದ ಕಲ್ಯಾಣದಲ್ಲೇ ಬೆಳೆದ ಸೊಸೆಯದು. 2017ರ ಮಳೆಗಾಲದಲ್ಲಿ ಲೋಕಲ್ ರೈಲು ಹತ್ತುವ ನೂಕುನುಗ್ಗಲಲ್ಲಿ ಪೂನಂಳ ಫೋನ್ ಹಳಿಗೆ ಬಿತ್ತು. ತೆಗೆದ ಫೋಟೊಗಳೆಲ್ಲ ಅದರೊಂದಿಗೇ ಹೋದವು.

ಗಂಡ ಶಿವರಾಜ ಕಳಂಬೋಲಿಯ ತನ್ನ ಆಫೀಸಿನಿಂದ ತಂದಿದ್ದ ಹಳೆಯ ಲಿನಕ್ಸ್ ಕಂಪ್ಯೂಟರ್ ಮನೆಯಲ್ಲಿತ್ತು. ಅದರಲ್ಲಿ ನೆಕ್ಸ್ಟ್‌ಕ್ಲೌಡ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಫೋಟೊಗಳು ಮನೆಯ ಡಿಸ್ಕಿನಲ್ಲೇ ಇರುತ್ತವೆ, ಹೊರಗಿನಿಂದಲೂ ತೆರೆದು ನೋಡಬಹುದು ಎಂದು ಪೂನಂ ಓದಿಕೊಂಡಳು. ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಟೈಪಿಸಿದ್ದಕ್ಕೆ ತಂತ್ರಾಂಶವೇನೋ ಇಳಿದು ಕೂತಿತು. ಹೊಸದಾಗಿ ಕೊಂಡ ಫೋನಿನಿಂದ ತೆರೆದರೆ ಮಾತ್ರ, ಈ ವಿಳಾಸ ನಂಬಿಕಸ್ಥವಲ್ಲ ಎಂದಿತು. ನಂಬಬೇಕಾದ ವಿಳಾಸಗಳನ್ನು ನಾವೇ ಬರೆದು ಕೊಡಬೇಕೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿದಿತ್ತು. ವಿಳಾಸ ಬರೆದುಕೊಟ್ಟ ಮೇಲೆ ಫೋನಿನಲ್ಲೂ ತೆರೆಯಿತು. ಆಮೇಲೆ ಮನೆಯ ಪೆಟ್ಟಿಗೆಯಲ್ಲಿದ್ದ ಕಸೂತಿ ಸೀರೆಗಳನ್ನೆಲ್ಲ ಹೊರತೆಗೆದು ಹೊಸದಾಗಿ ಫೋಟೊ ತೆಗೆದು ತುಂಬಿದಳು.

ಮುಂದಿನ ವಾರ ಸಾನಪಾಡಾದಲ್ಲಿ ಜಯಲತಾ ಎಂಬ ಗಿರಾಕಿಯ ಮನೆಗೆ ಹೋದಳು. ಮಗಳ ಮದುವೆ ಸೀರೆಗೆ ನಮೂನೆ ಆರಿಸಬೇಕಿತ್ತು. ಪೂನಂ ಫೋನ್ ತೆರೆದಳು. ಒಂದು ಚಿತ್ರವೂ ಬರಲಿಲ್ಲ. ಬಾಲ್ಕನಿಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಅತ್ತಿ, ಕಂಪ್ಯೂಟರ್ ಚಾಲೂ ಅದ ಏನ್ರಿ?"

"ಇಲ್ಲ. ಅದರ ಮುಂದ ಯಾರೂ ಕುಂತಿರಲಿಲ್ಲ. ಸುಮ್ಮ ಕರೆಂಟ್ ಸುಡತದ ಅಂತ ಬಂದ್ ಮಾಡೀನಿ."

ಪೂನಂಗೆ ಸಿಟ್ಟು ಬಂತು. ಆದರೆ ಹೊರಗಿನಿಂದ ಫೋಟೊ ಕಾಣಬೇಕಾದರೆ ಕಂಪ್ಯೂಟರನ್ನು ಹಗಲೂ ರಾತ್ರಿ ಹಚ್ಚಿಡಬೇಕೆಂದು ತಾನು ಅತ್ತೆಗೆ ಹೇಳಿಯೇ ಇರಲಿಲ್ಲ. ಯಾವ ಬಟನ್ ಒತ್ತಬೇಕೆಂದು ಮೆಲ್ಲಗೆ ಹೇಳಿದಳು. ಜಯಲತಾ ಕೊಟ್ಟ ಚಹಾ ಮುಗಿಯುವ ಹೊತ್ತಿಗೆ ಗೋಪುರ, ಆನೆ, ತುಳಸಿಕಟ್ಟೆ ಒಂದೊಂದಾಗಿ ಪರದೆಗೆ ಬಂದವು. ಜಯಲತಾ ತುಳಸಿಕಟ್ಟೆಯ ನಮೂನೆ ಒಪ್ಪಿದರು.

ಮನೆಗೆ ಬಂದು ಪೂನಂ ಅತ್ತೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾನು ಎಲ್ಲಿ ಕುಳಿತು ಏನನ್ನು ನೋಡಿದೆನೆಂದು ತೋರಿಸಿದಳು. ರತ್ನಾಬಾಯಿ ತಮ್ಮ ಕೈಕೆಲಸವನ್ನು ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಚಿತ್ರ ದಾಟಿಸುತ್ತಾ ಹೋದರು. ಕೊನೆಗೆ ಕೇಳಿದರು:

"ಹಿಂದಿನ ಬಾಜು ಎಲ್ಲಿ?"

"ಹಿಂದಿನದು ಯಾಕ್ರಿ?"

"ಗವಂತಿ ಹೊಲಿಗಿ ಎರಡೂ ಕಡೆ ಒಂದೇ ಥರ ಇರತದ. ಗಂಟು ಕಾಣಂಗಿಲ್ಲ. ತೋರಸದಿದ್ರ ಮಶೀನ್‌ದಾಗ ಹಾಕಿದ್ದು ಅಂತ ತಿಳೀತಾರ."

ಇಷ್ಟು ದಿನ ಇದು ತನಗೇಕೆ ಹೊಳೆಯಲಿಲ್ಲವೆಂದುಕೊಳ್ಳುತ್ತಾ ಪೂನಂ ಸೀರೆಯ ಸೆರಗನ್ನು ತಿರುವಿ ನೋಡಿದಳು. ಭಾನುವಾರ ಇಬ್ಬರೂ ಕಿಟಕಿಯ ಬೆಳಕಿಗೆ ಸೀರೆಗಳನ್ನು ಮಗುಚಿ ಹಾಸಿದರು. ಫೋಟೊ ತೆಗೆಯುವಾಗ ಅತ್ತೆ ಸುಕ್ಕು ಬಿಡಿಸಿ ಅಂಚು ಹಿಡಿದುಕೊಂಡರು.