ನೆಲಕ್ಕೆ ಒತ್ತಿದ ಬ್ರೇಕು

ಮರಿಯ ಅಪ್ಪನಿಗೆ ಊರಿನ ಅರ್ಧ ಜನ ಶಿಷ್ಯರು. ಹಾಗಂತ ಅವನು ದೊಡ್ಡ ಪಂಡಿತ ಎಂದು ಯಾರೂ ತಿಳಿಯಬೇಡಿ. ಅವನು ಕಾರು ಕಲಿಸುವ ಮೇಷ್ಟ್ರು. ನೆತ್ತಿಯ ಮೇಲೆ ಹಳದಿ ಬೋರ್ಡು ಹೊತ್ತ ಒಂದು ಹಳೆಯ ಕಾರು, ಅದರಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಅಪ್ಪನ ಕಾಲ ಬಳಿ ಇನ್ನೊಂದು ಬ್ರೇಕು. ಕಲಿಯುವವರು ಕಕ್ಕಾಬಿಕ್ಕಿಯಾಗಿ ಕೈಕಾಲು ಬಿಟ್ಟರೆ ಅಪ್ಪನ ಕಾಲು ಅವನನ್ನೂ ಕೇಳದೆ ಒತ್ತಿಬಿಡುತ್ತದೆ. ಕಾರು ನಿಲ್ಲುತ್ತದೆ. "ಪರವಾಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ" ಅನ್ನುತ್ತಾನೆ ಅಪ್ಪ. ಇಷ್ಟೇ ಅವನ ಕೆಲಸ. ಇದನ್ನು ಅವನಷ್ಟು ಸಮಾಧಾನವಾಗಿ ಮಾಡುವವರನ್ನು ನಾನಂತೂ ಕಂಡಿಲ್ಲ.

ತೊಂದರೆ ಏನೆಂದರೆ, ಆ ಕಾಲಿಗೆ ರಜೆ ಎಂಬುದೇ ಇಲ್ಲ. ಟೀವಿಯಲ್ಲಿ ಯಾವನೋ ಕಳ್ಳ ಜೋರಾಗಿ ಕಾರು ತಿರುಗಿಸಿದರೆ ಸೋಫಾದಲ್ಲಿ ಕೂತ ಅಪ್ಪ ನೆಲಕ್ಕೆ ಒತ್ತುತ್ತಾನೆ. ಬಸ್ಸಿನಲ್ಲಿ ಹೋದರೆ ಮುಂದಿನ ಸೀಟಿನವರ ಚಪ್ಪಲಿ ತುಳಿದು ಬೈಸಿಕೊಳ್ಳುತ್ತಾನೆ. ಪಕ್ಕದ ಮನೆಯ ಮಗು ಮೆಟ್ಟಿಲ ಕಡೆ ಅಂಬೆಗಾಲಿಟ್ಟರೂ ಮೊದಲು ಹೋಗುವುದು ಅವನ ಬಲಗಾಲು, ಮಗುವನ್ನು ಹಿಡಿಯಲು ಕೈ ಬರುವುದು ಆಮೇಲೆ. ಊಟದ ಮೇಜಿನಲ್ಲಿ ಅವನ ಎದುರಿಗೆ ಕೂರುವ ಅಮ್ಮನ ಗತಿಯಂತೂ ಕೇಳಲೇಬೇಡಿ.

ಮರಿ ಈ ಮನೆಯ ಒಬ್ಬಳೇ ಮಗಳು. ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ, ಸಸ್ಯಶಾಸ್ತ್ರ ಓದುತ್ತಾಳೆ, ಎತ್ತರದಲ್ಲಿ ಅಪ್ಪನನ್ನು ಮೀರಿಸಿದ್ದಾಳೆ. ಆದರೂ ಮನೆಯಲ್ಲಿ ಮರಿಯೇ. ಅವಳು ಕಾಲೇಜಿಗೆ ಹೋಗುವುದು ಅಪ್ಪನ ಬೆಳಗಿನ ಮೊದಲ ಪಾಠದ ಜೊತೆಗೆ. ಅಂದರೆ ಅವಳನ್ನು ಕಾಲೇಜಿಗೆ ಬಿಡುವವರು ಕಾರು ಬಾರದವರು. ಕೆಲವು ತಿಂಗಳು ನಿವೃತ್ತ ಹೆಡ್‌ಮಿಸ್ಸೊಬ್ಬರು ಬಿಟ್ಟರು; ಅವರು ಗೇರು ಹಾಕುವುದನ್ನು ಮರೆತರೂ ಎದುರಿಗೆ ಬಂದ ಲಾರಿಗೆ ಶಿಸ್ತು ಕಲಿಸುವುದನ್ನು ಮರೆಯುತ್ತಿರಲಿಲ್ಲ. ಈಗ ಹಲ್ಲಿನ ಡಾಕ್ಟರು. ಜನರ ಬಾಯಿಗೆ ಹೆದರದೆ ಕೈ ಹಾಕುವ ಮನುಷ್ಯ, ವೃತ್ತ ಕಂಡರೆ ಬೆವರುತ್ತಾರೆ. ಹಿಂದಿನ ಸೀಟಿನಲ್ಲಿ ಮರಿ ಪುಸ್ತಕ ತೆರೆದು, ಕಾರು ಮುಗ್ಗರಿಸಿದಾಗೆಲ್ಲ ಸಾಲು ತಪ್ಪಿಸಿಕೊಂಡು, ಮತ್ತೆ ಹುಡುಕಿ ಓದುತ್ತಾಳೆ. ಪರೀಕ್ಷೆಗೆ ಅವಳು ಅರ್ಧ ಓದಿಕೊಂಡಿರುವುದು ಹೀಗೆಯೇ.

"ನಿಮ್ಮ ಕಾರು ಬರೋದು ಕಾಣೋ ಮುಂಚೆ ಹಿಂದಿನ ಗಾಡಿಗಳ ಹಾರನ್ನು ಕೇಳ್ಸುತ್ತೆ ಕಣೆ" ಎಂದು ಅವಳ ಗೆಳತಿ ಆಡಿಕೊಳ್ಳುತ್ತಾಳೆ. ಈ ಗೆಳತಿಯ ಬಾಯಿಗೆ ಬಿಡುವಿಲ್ಲದ್ದರಿಂದ ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಪಟಾಕಿ ಎಂದೇ ಕರೆಯುವುದು. ಮರಿಗೆ ಬೇಜಾರಿಲ್ಲ. ಅವಳಿಗೆ ಕಾಲೇಜಿನ ದಿನಗಳೆಂದರೆ ಇಷ್ಟ. ಪ್ರಯೋಗಾಲಯದ ಉದ್ದನೆಯ ಕಲ್ಲಿನ ಮೇಜು, ಬ್ಲೇಡಿನಿಂದ ಕಾಂಡವನ್ನು ತೆಳ್ಳಗೆ ಕೊಯ್ದು ಗಾಜಿನ ಮೇಲಿಟ್ಟಾಗ ಸೂಕ್ಷ್ಮದರ್ಶಕದಲ್ಲಿ ಕಾಣುವ ಹಸಿರು ಕೋಣೆಗಳು, ಕ್ಯಾಂಟೀನಿನಲ್ಲಿ ಪಟಾಕಿಯ ಜೊತೆ ಹಂಚಿಕೊಳ್ಳುವ ಒಂದೇ ಲೋಟ ಚಹಾ. ತನಗೆ ಇದೆಲ್ಲ ಸಿಕ್ಕಿತಲ್ಲ ಎಂದು ಅವಳು ಎಷ್ಟೋ ಸಲ ಸುಮ್ಮಸುಮ್ಮನೆ ಖುಷಿಪಟ್ಟಿದ್ದಾಳೆ.

ಮುಂದೇನು ಎಂದು ಯಾರಾದರೂ ಕೇಳಿದರೆ ಮಾತ್ರ ಅವಳ ಬಾಯಿ ಒಣಗುತ್ತಿತ್ತು. ಅದನ್ನೇ ಒಂದು ದಿನ ಅವಳ ಮೇಡಂ ಕೇಳಿದರು. ಕೇಳಿ, ಉತ್ತರಕ್ಕೂ ಕಾಯದೆ, ದೂರದ ಕಡಲತೀರದಲ್ಲಿ ಒಂದು ಸಂಶೋಧನಾ ಕೇಂದ್ರವಿದೆ ಎಂದರು. ಅಲ್ಲಿ ಸಮುದ್ರದ ಪಾಚಿಗಳನ್ನು ಬೆಳೆಸಿ ಅಧ್ಯಯನ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಒಂದು ವರ್ಷ ಅಲ್ಲೇ ಇದ್ದು ಕೆಲಸ ಕಲಿಯಲು ಒಬ್ಬ ವಿದ್ಯಾರ್ಥಿ ಬೇಕಂತೆ. "ನಾನು ನಿನ್ನ ಹೆಸರೇ ಕೊಡ್ಬೇಕು ಅಂತಿದೀನಿ. ಶನಿವಾರ ಕ್ಲಾಸ್ ಮುಗಿಯೋದ್ರೊಳಗೆ ಹೇಳು. ಆಮೇಲೆ ಬೇರೆಯವರನ್ನ ಕೇಳ್ಬೇಕಾಗುತ್ತೆ."

ಮರಿಗೆ ಕಾಲು ನೆಲಕ್ಕೆ ತಾಗದಷ್ಟು ಸಂತೋಷವಾಯಿತು. ಮರುಗಳಿಗೆಯೇ ಎದೆ ಧಸಕ್ಕೆಂದಿತು. ಗುರುತಿಲ್ಲದ ಊರು, ಗುರುತಿಲ್ಲದ ಕೋಣೆ, ಹೊತ್ತಿಗೆ ಸರಿಯಾಗಿ ಎಬ್ಬಿಸಲು ಅಮ್ಮನಿಲ್ಲ, ಏನಾದರೂ ಎಡವಟ್ಟಾದರೆ ಅಪ್ಪನಿಲ್ಲ. "ಅಪ್ಪನ್ನ ಕೇಳಿ ಹೇಳ್ತೀನಿ ಮೇಡಂ" ಎಂದು ಹೊರಗೆ ಬಂದಳು.

"ಅಯ್ಯೋ, ನಿಮ್ಮಪ್ಪ ಬೇಡ ಅಂದ್ಬಿಟ್ರೆ?" ಎಂದಳು ಪಟಾಕಿ.

ಹಾಗಂದಾಗ ಮರಿಗೆ ದುಃಖವಾಗಬೇಕಿತ್ತು. ಆಗಲಿಲ್ಲ, ಹಾಯೆನಿಸಿತು. ಅಪ್ಪ ಬೇಡ ಎಂದುಬಿಟ್ಟರೆ ತಾನು ಹೆದರಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ, ತನಗೆ ತಾನೂ ಹೇಳಿಕೊಳ್ಳಬೇಕಾಗಿಲ್ಲ. ಈ ಲೆಕ್ಕಾಚಾರ ಅವಳಿಗೇ ಹಿಡಿಸಲಿಲ್ಲ, ಆದರೆ ಅದನ್ನು ಬಿಡಲೂ ಮನಸ್ಸಾಗಲಿಲ್ಲ.

ಶುಕ್ರವಾರದವರೆಗೂ ಬಾಯಿ ಬಿಡದೆ, ಆ ದಿನ ಊಟಕ್ಕೆ ಕೂತಾಗ ವಿಷಯ ತೆಗೆದಳು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಎದುರಿಗಿದ್ದ ಅಮ್ಮ "ಅಯ್ಯೋ ನನ್ನ ಕಾಲು!" ಎಂದು ಕೂಗಿದಳು.

"ಸಾರಿ" ಅಂದ ಅಪ್ಪ. ಆಮೇಲೆ ನೀರು ಕುಡಿದು, "ಅಷ್ಟು ದೂರಾನಾ? ನೋಡೋಣ" ಅಂದ.

ಈ ಮನೆಯಲ್ಲಿ 'ನೋಡೋಣ' ಎಂದರೆ ಏನೆಂದು ಗೋಡೆಗೂ ಗೊತ್ತು. ಶಾಲೆಯ ಪ್ರವಾಸಕ್ಕೂ ನೋಡೋಣ, ಈಜು ಕಲಿಯುವುದಕ್ಕೂ ನೋಡೋಣ. ಮರಿ ಮುಖ ಊದಿಸಿಕೊಂಡು ಎದ್ದಳು. ಮುಖ ಊದಿದ್ದು ಅಪ್ಪನ ಮೇಲಿನ ಸಿಟ್ಟಿಗಲ್ಲ, ಒಳಗೊಳಗೇ ಸಮಾಧಾನವಾಯಿತಲ್ಲ, ಆ ನಾಚಿಕೆಗೆ.

ಮರುದಿನ ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ಪಾಠವಿರಲಿಲ್ಲ. ಅಪ್ಪನ ಅಕ್ಕ, ಅಂದರೆ ಮರಿಯ ಅತ್ತೆ, ಹೊಸ ಕಾರು ಕೊಂಡಿದ್ದಳು. ತಮ್ಮ ಬಂದು ಓಡಿಸಿ ನೋಡಿ ಸೈ ಎನ್ನುವವರೆಗೂ ಅದನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಳು. ಕಾಲೇಜಿಗೆ ಹೋಗುವ ದಾರಿಯಲ್ಲೇ ಅವಳ ಮನೆ, ಹಾಗಾಗಿ ಅಪ್ಪ ಮರಿಯನ್ನೂ ಕರೆದುಕೊಂಡು ಹೋದ. ತನ್ನ ಹಳೆಯ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹೊಸ ಕಾರಿನ ಬೀಗದ ಕೈ ಮರಿಗೆ ಕೊಟ್ಟ. "ನೀನೇ ಓಡಿಸು. ಹೊಸ ಗಾಡಿ, ಕೈ ಕೂರ್ಲಿ."

ಮರಿಗೆ ಲೈಸೆನ್ಸ್ ಸಿಕ್ಕಿ ಎಷ್ಟೋ ದಿನವಾಗಿತ್ತು. ಆದರೆ ಅಪ್ಪ ಪಕ್ಕದಲ್ಲಿಲ್ಲದೆ ಅವಳು ಸ್ಟೀರಿಂಗ್ ಮುಟ್ಟಿದವಳಲ್ಲ, ಅಪ್ಪನ ಕಾರನ್ನು ಬಿಟ್ಟು ಬೇರೆ ಕಾರು ಓಡಿಸಿದವಳೂ ಅಲ್ಲ. ಬಡಾವಣೆಯನ್ನು ಒಂದು ಸುತ್ತು ಹಾಕಿದರು. ಕಾರು ಹೂವೆತ್ತಿದ ಹಾಗೆ ಹೋಯಿತು. ಅಪ್ಪ ಸಮುದ್ರದ ಮಾತೆತ್ತಲಿಲ್ಲ. ಮರಿಯ ತಲೆಯಲ್ಲಿ ಅದೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.

ವಾಪಸ್ಸು ಬಂದಾಗ ಅತ್ತೆ ಗೇಟಿನ ಬಳಿ ಗಿಡಗಳಿಗೆ ನೀರು ಹಾಕುತ್ತಿದ್ದಳು. ಗೇಟು ಮುಚ್ಚಿತ್ತು. ಮರಿ ವೇಗ ಇಳಿಸಿದಳು, ಬ್ರೇಕಿನ ಮೇಲೆ ಕಾಲನ್ನೂ ಇಟ್ಟಳು. ಅಷ್ಟರಲ್ಲಿ ಪಕ್ಕದಲ್ಲಿ ಅಪ್ಪನ ಬೂಟು ದಪ್ಪೆಂದದ್ದು ಕೇಳಿಸಿತು. ಸರಿ, ಇನ್ನೇನು ನಿಲ್ಲುತ್ತದೆ ಎಂದು ಅವಳು ಒತ್ತದೆ ನಿಶ್ಚಿಂತೆಯಾಗಿ ಕೂತಳು. ತಾನು ಒತ್ತಿಯಾಯಿತಲ್ಲ ಎಂದು ಅಪ್ಪನೂ ನಿಶ್ಚಿಂತೆಯಾಗಿ ಕೂತ. ಹೊಸ ಕಾರಿಗೆ ಮಾತ್ರ ಇವರ ಮನೆಯ ಪದ್ಧತಿ ಗೊತ್ತಿರಲಿಲ್ಲ. ಅದು ಯಾವ ದಾಕ್ಷಿಣ್ಯವೂ ಇಲ್ಲದೆ ಮೆಲ್ಲಗೆ ಮುಂದೆ ಹೋಗಿ ಗೇಟಿಗೆ ಗುದ್ದಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಗೇಟಿನ ಒಂದು ಸರಳು ಬಗ್ಗಿತು, ಬಂಪರಿನ ಮೇಲೆ ಒಂದು ಗೀರು ಬಿತ್ತು. ಹಿಂದಕ್ಕೆ ಹಾರಿದ ಅತ್ತೆ ತನ್ನ ಮೈಮೇಲೆಯೇ ನೀರು ಸುರಿದುಕೊಂಡಿದ್ದಳು.

"ಊರಿಗೆಲ್ಲ ಕಾರು ಕಲಿಸ್ತೀಯ, ನನ್ನ ಗೇಟೇ ಸಿಕ್ತೇನೋ ನಿನಗೆ? ಬ್ರೇಕ್ ಹಾಕೋಕೆ ಏನಾಗಿತ್ತು?"

"ಹಾಕ್ದೆ ಅಕ್ಕಾ" ಅಂದ ಅಪ್ಪ.

"ಎಲ್ಲಿ ಹಾಕ್ದೆ?"

ಅಪ್ಪ ತನ್ನ ಕಾಲ ಕೆಳಗೆ ನೋಡಿದ. ಅಲ್ಲಿ ಹೊಸ ಮ್ಯಾಟು, ಅದರ ಮೇಲೆ ಅವನ ಬೂಟಿನ ಅಚ್ಚು. ಅತ್ತೆಗೆ ಬಂದ ಸಿಟ್ಟೆಲ್ಲ ನಗುವಾಗಿಬಿಟ್ಟಿತು. ನಕ್ಕು ಸುಸ್ತಾಗಿ, ಒದ್ದೆ ಸೆರಗು ಹಿಂಡಿಕೊಳ್ಳುತ್ತಾ, ಬಟ್ಟೆ ಬದಲಾಯಿಸಲು ಒಳಗೆ ಹೋದಳು.

ಅಪ್ಪ ನಗಲಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟ. ಮರಿಯೂ ಅವನ ಪಕ್ಕದಲ್ಲಿ ಕೂತಳು.

"ನೀನ್ಯಾಕೆ ಒತ್ಲಿಲ್ಲ ಮರಿ?"

"ನೀನು ಒತ್ತಿದೆಯಲ್ಲ ಅಪ್ಪ."

ಅಪ್ಪ ಗೇಟಿನ ಬಗ್ಗಿದ ಸರಳನ್ನು ನೆಟ್ಟಗೆ ಮಾಡಲು ನೋಡಿದ, ಆಗಲಿಲ್ಲ. ಆಮೇಲೆ, "ಎಷ್ಟು ಜನಕ್ಕೆ ಕಲಿಸಿದೀನಿ. ಎಲ್ರೂ ಕಲಿತು, ಥ್ಯಾಂಕ್ಸ್ ಹೇಳಿ, ತಮ್ಮ ಪಾಡಿಗೆ ತಾವು ಓಡಿಸ್ಕೊಂಡು ಹೋಗಿದಾರೆ. ಹಲ್ಲಿನ ಡಾಕ್ಟ್ರೂ ಇವತ್ತಲ್ಲ ನಾಳೆ ಹೋಗ್ತಾರೆ. ನಿನಗೊಬ್ಬಳಿಗೇ ನಾನು ಪಾಠ ಮುಗಿಸ್ಲೇ ಇಲ್ಲ ನೋಡು" ಅಂದ.

ಮರಿ ಅವನ ಕಡೆ ತಿರುಗಿದಳು. ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಅಪ್ಪ, ನೀನು ಬೇಡ ಅಂದ್ರೆ ಸಾಕು ಅಂತ ಕಾಯ್ತಿದ್ದೆ. ನಿನ್ನೆ ನೋಡೋಣ ಅಂದೆಯಲ್ಲ, ನನಗೆ ಹಾಯಾಯ್ತು ಗೊತ್ತಾ?"

"ಅಷ್ಟು ಭಯಾನಾ?"

"ಹೂಂ."

"ಹೋಗ್ಬೇಕು ಅಂತ ಆಸೆ ಇಲ್ವಾ?"

"ಭಯಕ್ಕಿಂತ ಅದೇ ಜಾಸ್ತಿ."

ಅಪ್ಪ ತನ್ನ ಬಲಗಾಲನ್ನು ಯಾರದೋ ಕಾಲೆಂಬಂತೆ ದಿಟ್ಟಿಸಿದ. "ಎಲ್ಲಾ ಈ ದರಿದ್ರ ಕಾಲಿಂದ" ಅಂದ.

"ಅದನ್ನ ಬೈಬೇಡ" ಅಂದಳು ಮರಿ. ಅವಳ ದನಿ ಅವಳಿಗೇ ಗಟ್ಟಿಯಾಗಿ ಕೇಳಿಸಿತು. "ಅದಿತ್ತು ಅಂತ ನಾನು ಹಿಂದೆ ಕೂತು ಆರಾಮಾಗಿ ಓದ್ಕೊಂಡೆ. ಒಂದು ದಿನಾನೂ ಹೆದರ್ಕೊಂಡು ಕಾಲೇಜಿಗೆ ಹೋಗ್ಲಿಲ್ಲ. ಮೇಡಂ ಎಲ್ಲರನ್ನೂ ಬಿಟ್ಟು ನನ್ನ ಹೆಸರು ಹೇಳಿದಾರೆ ಅಂದ್ರೆ ಅದರಲ್ಲಿ ಅರ್ಧ ನಿನ್ನ ಕಾಲಿಂದೇ ಅಪ್ಪ."

ಅಪ್ಪ ಕಣ್ಣು ಒರೆಸಿಕೊಳ್ಳಲು ಕನ್ನಡಕ ತೆಗೆದ, ಆಮೇಲೆ ಕನ್ನಡಕವನ್ನೇ ಒರೆಸಿದವನ ಹಾಗೆ ನಟಿಸಿದ. ಎದ್ದು ನಿಂತು, ಜೇಬಿನಿಂದ ತನ್ನ ಹಳೆಯ ಕಾರಿನ ಬೀಗದ ಕೈ ತೆಗೆದು ಅವಳ ಮುಂದೆ ಹಿಡಿದ.

"ತಗೋ. ಆಸ್ಪತ್ರೆ ವೃತ್ತ ಸುತ್ತಿ, ಮಾರ್ಕೆಟ್ ಕಡೆಯಿಂದ ವಾಪಸ್ ಬಾ."

"ನೀನು?"

"ನಾನು ಇಲ್ಲೇ ಇರ್ತೀನಿ. ಅಕ್ಕನ ಹತ್ರ ಬೈಸ್ಕೊಳ್ಳೋದು ಇನ್ನೂ ಬಾಕಿ ಇದೆ."

ಮರಿ ಒಬ್ಬಳೇ ಹೋದಳು. ಪಕ್ಕದ ಸೀಟು ಅವಳ ಚೀಲವೊಂದನ್ನು ಬಿಟ್ಟರೆ ಬರಿದಾಗಿತ್ತು, ಅದರ ಕೆಳಗಿನ ಬ್ರೇಕು ಸುಮ್ಮನೆ ಇತ್ತು. ವೃತ್ತದಲ್ಲಿ ಜೀವ ಬಾಯಿಗೆ ಬಂತು. ಮಾರ್ಕೆಟ್ಟಿನಲ್ಲಿ ಸೈಕಲ್ಲಿನವನೊಬ್ಬ ಎಡಬಲ ನೋಡದೆ ಅಡ್ಡ ನುಗ್ಗಿದ. ಒಂದು ಕ್ಷಣ ಅವಳು ಕಾದಳು. ಕಾಯಲು ಅಲ್ಲಿ ಯಾರೂ ಇಲ್ಲ ಎಂದು ಹೊಳೆದದ್ದೇ ಅವಳ ಕಾಲು ತಾನೇ ಒತ್ತಿತು. ಕಾರು ನಿಂತಿತು. "ಪರವಾಗಿಲ್ಲ, ಮತ್ತೆ ಸ್ಟಾರ್ಟ್ ಮಾಡಿ" ಎಂದು ಅವಳು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ನಕ್ಕಳು. ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಓದಿದ್ದು ಬರೀ ಸಸ್ಯಶಾಸ್ತ್ರವಲ್ಲ ಎಂದು ಅವಳಿಗೆ ಆಗ ಅನಿಸಿತು.

ವಾಪಸ್ಸು ಬಂದಾಗ ಅಪ್ಪ ಅವಳು ಬಿಟ್ಟುಹೋದ ಜಾಗದಲ್ಲೇ ನಿಂತಿದ್ದ. ಅಲುಗಾಡಿದ ಹಾಗೂ ಕಾಣಲಿಲ್ಲ.

"ಎಲ್ಲಾದ್ರೂ ನಿಲ್ಲಿಸ್ಬೇಕಾಯ್ತಾ?"

"ಮಾರ್ಕೆಟ್ ಹತ್ರ."

"ನಿಲ್ತಾ?"

"ನಿಲ್ತು ಅಪ್ಪ."

"ನೋಡೋಣ ಅಂದಿದ್ದೆನಲ್ಲ, ನೋಡಿದ್ದಾಯ್ತು" ಅಂದ ಅಪ್ಪ. "ನಡಿ. ಕ್ಲಾಸ್ ಮುಗಿಯೋದ್ರೊಳಗೆ ಮೇಡಂಗೆ ಹೇಳ್ಬೇಕು ತಾನೇ?"

ಮರಿ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲ ಎತ್ತಿ ಜಾಗ ಮಾಡಿದಳು. ಅಪ್ಪ ಆ ಬಾಗಿಲನ್ನು ಮುಟ್ಟಲಿಲ್ಲ. ಹಿಂದಿನ ಬಾಗಿಲು ತೆಗೆದು, ತಲೆ ತಗ್ಗಿಸಿ ಒಳಗೆ ತೂರಿಕೊಂಡು, ಎಲ್ಲಿ ಕೂರಬೇಕೆಂದು ತಿಳಿಯದ ನೆಂಟನ ಹಾಗೆ ಅತ್ತಿತ್ತ ಸರಿದು, ಕೊನೆಗೆ ಕಿಟಕಿಯ ಪಕ್ಕ ಕೂತ.

ಕಾರು ಹೊರಟಿತು. ಸ್ವಲ್ಪ ದೂರ ಅಪ್ಪ ಎರಡು ಕೈಯಲ್ಲೂ ಸೀಟು ಹಿಡಿದಿದ್ದ. ಮೆಲ್ಲಗೆ ಒಂದು ಕೈ ಬಿಟ್ಟ. ಕಿಟಕಿಯ ಗಾಜು ಇಳಿಸಿ ಹೊರಗೆ ನೋಡತೊಡಗಿದ. ದಿನಾ ಬೆಳಿಗ್ಗೆ ಅವರು ಹೋಗುವ ರಸ್ತೆಯೇ ಅದು. ಕಾಲೇಜು ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಅವನ ದನಿ ಕೇಳಿಸಿತು.

"ಅಲ್ಲಾ ಮರಿ, ಈ ರಸ್ತೇಲಿ ಇಷ್ಟೊಂದು ಮರಗಳು ಯಾವಾಗಿಂದ ಇವೆ?"

ಮರಿಯ ಕಣ್ಣು ತುಂಬಿ ಬಂತು. ಅವನನ್ನು ತಿರುಗಿ ನೋಡಬೇಕೆನಿಸಿತು. ಆದರೆ ಅವನು ಕಲಿಸಿದ ಹಾಗೆ ರಸ್ತೆಯಿಂದ ಕಣ್ಣು ತೆಗೆಯದೆ, "ಮೊದಲಿಂದಾನೂ ಇವೆ ಅಪ್ಪ, ನೋಡ್ಕೊಂಡು ಬಾ" ಅಂದಳು.