ಕೈ ಎತ್ತುವ ದೃಶ್ಯ

"ಅದೇ! ಅದನ್ನೇ ಹಿಡ್ಕೋ ಥೋರಾ!" ಪ್ರೆಂಟಿಸ್ ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. "ಎಲ್ಲಿ ಕಲಿತೆಯಮ್ಮಾ ಇದನ್ನ? ಷಿಕಾಗೋ ನಟಿಯರಿಗೂ ಬರಲ್ಲ."

ರಂಗದ ಮೇಲೆ ಲೈಲ್ ಎತ್ತಿದ ಕೈ ಇಳಿಸಿ ನಕ್ಕ. ನಾಟಕದಲ್ಲಿ ಗಂಡನ ಪಾತ್ರ ಅವನದು. ಹೆಂಡತಿಯ ಪಾತ್ರ ಅವನ ಹೆಂಡತಿ ಥೋರಾಳದೇ. ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರಿನಲ್ಲಿ ಒಮ್ಮೆಯಾದರೂ ಎಲ್ಲರೂ ನೋಡಿದ್ದ ಹಳೆಯ ನಾಟಕ. ಮೂರನೆಯ ಅಂಕದಲ್ಲಿ ರೈತ ಹೆಂಡತಿಯ ಮೇಲೆ ಕೈ ಎತ್ತುತ್ತಾನೆ, ಹೊಡೆಯಲಾರದೆ ಕುಸಿದು ಅಳುತ್ತಾನೆ, ಅವಳು ಕ್ಷಮಿಸುತ್ತಾಳೆ. ಸಭಿಕರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ನೆರೆಮನೆಯವಳ ಪಾತ್ರದ ಮಿನ್ನಾ ಹೋಲ್ಟ್‌ಗೆ ಇದ್ದದ್ದು ಮೂರೋ ನಾಲ್ಕೋ ಮಾತು. ಉಳಿದಂತೆ ಬುಟ್ಟಿ ಹಿಡಿದು ಒಲೆಯ ಪಕ್ಕ ನಿಂತಿರಬೇಕು. ಹಾಗಾಗಿ ನೋಡಲು ಬೇಕಾದಷ್ಟು ಪುರುಸೊತ್ತು. ಕೈ ಮೇಲೇಳುವ ಮೊದಲೇ, ಲೈಲ್‌ನ ಭುಜ ಬಿಗಿಯುತ್ತಿದ್ದಂತೆಯೇ, ಥೋರಾ ಗದ್ದವನ್ನು ಎದೆಗೊತ್ತಿ ಹಲ್ಲು ಬಿಗಿ ಹಿಡಿಯುತ್ತಿದ್ದಳು. ಏಟು ಬಿದ್ದಾಗ ನಾಲಿಗೆ ಹಲ್ಲಿನ ನಡುವೆ ಸಿಕ್ಕಬಾರದು. ಮಿನ್ನಾಳ ತಾಯಿ ಹಾಗೆ ಮಾಡುತ್ತಿದ್ದಳು.

ತಾಲೀಮು ಮುಗಿದು ಎಲ್ಲರೂ ಹೋದ ಮೇಲೆ ಮಿನ್ನಾ ಮೇಷ್ಟ್ರ ಹತ್ತಿರ ಬಂದಳು. "ಮೇಷ್ಟ್ರೇ, ಅದು ಅಭಿನಯ ಅಲ್ಲ. ಆ ಹುಡುಗಿ ಮನೇಲಿ ಏಟು ತಿಂತಿದಾಳೆ."

ಪ್ರೆಂಟಿಸ್ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿದೋರು ನಿಜ ಅಂದ್ಕೊಳ್ಳೋದೇ ನಟನೆ, ಮಿನ್ನಮ್ಮ. ನೀವೇ ಮೋಸ ಹೋದ್ರಿ ಅಂದ್ಮೇಲೆ ನಾವು ಗೆದ್ವಿ. ಆ ಕಾಫಿ ಪಾತ್ರೆ ಸ್ವಲ್ಪ ತೊಳೆದಿಟ್ಟು ಹೋಗ್ತೀರಾ?"

ಗಂಡ ಗಸ್‌ಗೆ ಊಟದ ಹೊತ್ತಿನಲ್ಲಿ ಹೇಳಿದಳು. ಅವನು ಅಗಿಯುವುದನ್ನೂ ನಿಲ್ಲಿಸಲಿಲ್ಲ. "ಯಾರು, ಲೈಲ್? ಚರ್ಚಲ್ಲಿ ಹಾಡ್ತಾನಲ್ಲ, ಅವನಾ? ನಮ್ಮ ಕೊಟ್ಟಿಗೆ ಹತ್ತಿ ಉರಿದಾಗ ಮೊದಲು ಓಡಿ ಬಂದೋನು ಕಣೇ ಅವನು. ನಿಮ್ಮ ಹೆಂಗಸರ ಕಣ್ಣಿಗೆ ಮಾತ್ರ ಇಲ್ಲದ್ದೆಲ್ಲ ಕಾಣುತ್ತೆ. ಆಲೂಗಡ್ಡೆ ಈ ಕಡೆ ಕೊಡು."

ಕೊನೆಗೆ ಥೋರಾಳನ್ನೇ ಕೇಳಿದಳು. ಥೋರಾಳ ತಾಯಿ ಮಿನ್ನಾಳ ಗೆಳತಿಯಾಗಿದ್ದವಳು, ಈಗಿಲ್ಲ. ನಾಟಕದ ಅಂಗಿಯ ತೋಳು ಹೊಲಿಯುವ ನೆಪದಲ್ಲಿ ಪರದೆಯ ಹಿಂದೆ ಕೂರಿಸಿಕೊಂಡು, "ನಮ್ಮನೆಗೆ ಬಂದ್ಬಿಡು ಮಗಳೇ" ಎಂದಳು.

ಥೋರಾ ಯಾಕೆ ಎಂದು ಕೇಳಲಿಲ್ಲ. "ಬಂದ್ರೆ ಎಷ್ಟು ದಿನ ಇಟ್ಕೊಳ್ತೀರಾ, ಚಿಕ್ಕಮ್ಮ? ಭಾನುವಾರ ಪಾದ್ರಿಗಳು ಬಂದು ಬುದ್ಧಿ ಹೇಳ್ತಾರೆ. ಸೋಮವಾರ ಗಸ್ ಚಿಕ್ಕಪ್ಪನೇ ಕಾರಲ್ಲಿ ಕರ್ಕೊಂಡ್ಹೋಗಿ ಬಿಟ್ಟು ಬರ್ತಾರೆ."

ಮಿನ್ನಾಳ ಸೂಜಿ ನಿಂತಿತು. ಗಸ್ ಖಂಡಿತ ಹಾಗೇ ಮಾಡುವವನು.

"ಇಲ್ಲಿಗೆ ಬರೋದಂದ್ರೆ ನಂಗಿಷ್ಟ," ಎಂದಳು ಥೋರಾ. "ಇಲ್ಲಿ ಅವನ ಕೈ ಎತ್ತಿದ್ರೂ ಸುಮ್ನೆ ಕೆಳಗಿಳಿಯುತ್ತೆ."

ರೈತರು ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕಾದ್ದರಿಂದ ಪ್ರದರ್ಶನ ಶನಿವಾರ ಮಧ್ಯಾಹ್ನವೇ ಇತ್ತು. ಸಭಾಂಗಣ ತುಂಬಿ, ಒದ್ದೆ ಉಣ್ಣೆಯ ವಾಸನೆ ಅಡರಿತ್ತು. ಮೂರನೆಯ ಅಂಕ ಬಂತು. ಲೈಲ್‌ನ ಭುಜ ಬಿಗಿಯಿತು. ಥೋರಾಳ ಗದ್ದ ಎದೆಗೆ ಇಳಿಯಿತು. ಮಿನ್ನಾ ಏನನ್ನೂ ಯೋಚಿಸಿರಲಿಲ್ಲ. ಬುಟ್ಟಿ ಕೆಳಗಿಟ್ಟವಳು ನಡೆದು ಹೋಗಿ ಅವರಿಬ್ಬರ ನಡುವೆ ನಿಂತಳು.

"ಬಿಡು ಅವಳನ್ನ," ಎಂದಳು. "ಎಲ್ಲರೂ ನೋಡ್ತಿದಾರೆ. ಬಿಡು."

ಲೈಲ್‌ನ ಕಣ್ಣು ಒಂದು ಕ್ಷಣ ಬೇರೆಯೇ ಆಯಿತು. ಅದನ್ನು ಕಂಡವಳು ಮಿನ್ನಾ ಒಬ್ಬಳೇ. ಮರುಕ್ಷಣ ಅವನು ಸಭಿಕರತ್ತ ತಿರುಗಿ ಹುಬ್ಬು ಹಾರಿಸಿದ. "ನೋಡಿ ಸ್ವಾಮಿ! ಬೇಲಿ ಒಂದು ಹಾಕ್ಸಿದ್ದಿದ್ರೆ ಪಕ್ಕದ ಮನೆಯೋರು ಹೀಗೆ ಒಳಗೆ ನುಗ್ತಿದ್ರಾ?"

ನಗೆಯ ಅಲೆ ಛಾವಣಿಗೆ ಬಡಿಯಿತು. ಗಸ್ ತೊಡೆ ತಟ್ಟಿಕೊಂಡು ನಗುತ್ತಿದ್ದ. ಲೈಲ್ ಮಿನ್ನಾಳ ಮೊಣಕೈ ಹಿಡಿದು, ಮುದುಕಿಯನ್ನು ರಸ್ತೆ ದಾಟಿಸುವವನ ಹಾಗೆ ಮರ್ಯಾದೆಯಿಂದ ಪರದೆಯ ಹಿಂದಕ್ಕೆ ಬಿಟ್ಟು ಬಂದ. ಆಮೇಲೆ ಮತ್ತೆ ಕೈ ಎತ್ತಿದ. ದೃಶ್ಯ ಮುಗಿದಾಗ ಗಂಡಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಗಸರಲ್ಲಿ ಕೆಲವರು ತಟ್ಟಲಿಲ್ಲ. ಒಬ್ಬಳು ತಲೆ ತಗ್ಗಿಸಿ, ಮೊದಲೇ ಹಾಕಿದ್ದ ಮಗುವಿನ ಕೋಟಿನ ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ಪರದೆಯ ಹಿಂದೆ ಥೋರಾ ಮುಖದ ಬಣ್ಣವನ್ನು ಅರ್ಧಕ್ಕೇ ಒರೆಸಿದ್ದಳು. "ಯಾಕೆ ಹಾಗೆ ಮಾಡಿದ್ರಿ, ಚಿಕ್ಕಮ್ಮ?" ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲರೂ ನೋಡ್ತಿದಾರೆ ಅಂದ್ರಿ. ನಾನೇ ನಿಮ್ಗೆ ಹೇಳಿಕೊಟ್ಟೆ ಅಂದ್ಕೊಂಡಿದಾನೆ."

"ಬೇಡ, ಹೋಗ್ಬೇಡ. ಇವತ್ತೊಂದಿನ—"

"ನಾಳೆ?" ಎಂದಳು ಥೋರಾ.

ಹೊರಗೆ ಹಿಮ ಬೀಳಲು ಶುರುವಾಗಿತ್ತು. ಪ್ರೆಂಟಿಸ್ ಮೇಷ್ಟ್ರು ಮುಂದಿನ ತಿಂಗಳು ಪಕ್ಕದ ಊರಿನಲ್ಲೂ ಆಡೋಣವೆಂದು ಲೈಲ್‌ನ ಬೆನ್ನು ತಟ್ಟುತ್ತಿದ್ದರು. ಲೈಲ್ ಹೆಂಡತಿಯನ್ನು ಕಾರಿಗೆ ಹತ್ತಿಸಿ, ಕಾಡೆಮ್ಮೆಯ ತುಪ್ಪಳದ ಹೊದಿಕೆಯನ್ನು ಅವಳ ಮೊಣಕಾಲ ಮೇಲೆ ಹೊದಿಸಿದ. ಅಂಚನ್ನು ಎರಡೂ ಕಡೆ ಒಳಕ್ಕೆ ಸಿಕ್ಕಿಸಿದ, ಗಾಳಿ ನುಗ್ಗದ ಹಾಗೆ.

"ಎಷ್ಟು ಜೋಪಾನ ನೋಡು," ಎಂದ ಗಸ್.

ಹೊದಿಕೆಯೊಳಗೆ ಥೋರಾಳ ಎರಡೂ ಕೈಗಳು ಮುಚ್ಚಿಹೋಗಿದ್ದವು. ಕಾರು ಹೊರಟಾಗ ಮಿನ್ನಾ ಕೈ ಬೀಸಿದಳು; ಥೋರಾ ತಲೆ ಮಾತ್ರ ಅಲುಗಿಸಿದಳು.