ಇಂಟರ್‌ವಲ್ ಆದಮೇಲಿನ ಕತೆ

"ವಯರ್ ಕೀಳ್ಬೇಡಿ ರೀ, ಹಾಗೇ ಎತ್ತಿ," ಎಂದಳು ಸೊಸೆ.

ಮಗ ಟಿವಿಯ ಒಂದು ಬದಿ ಹಿಡಿದು ಅರ್ಧ ಬಗ್ಗಿ ನಿಂತಿದ್ದ. ಇನ್ನೊಂದು ಬದಿ ಅವಳ ಕೈಯಲ್ಲಿತ್ತು. ಹತ್ತು ಗಂಟೆಗೆ ಆಸ್ಪತ್ರೆಯಿಂದ ಅಮ್ಮನನ್ನು ತರುವವರಿದ್ದರು. ಅಷ್ಟರೊಳಗೆ ಮುಂದಿನ ಕೋಣೆಯಲ್ಲಿ ಮಂಚಕ್ಕೆ ಜಾಗ ಆಗಬೇಕಿತ್ತು.

"ಕೀಳದೆ ಒಳಗೆ ತಗೊಂಡು ಹೋಗೋಕೆ ವಯರೇನು ರಬ್ಬರಾ?"

"ಕಿತ್ರೆ ಸಿನಿಮಾ ಮೊದಲಿಂದ ಶುರುವಾಗುತ್ತೆ. ಅತ್ತೆ ನಿಲ್ಲಿಸಿದ ಜಾಗ ಹೋಗಿಬಿಡುತ್ತೆ."

ಮಗ ವಯರನ್ನು ಹಾಗೇ ಬಿಟ್ಟ. ಲಿಫ್ಟ್ ರಿಪೇರಿ ಮಾಡುವವನು. ಯಾವ ವಯರು ಕಿತ್ತರೆ ಏನು ನಿಲ್ಲುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಬ್ಬರೂ ಸೇರಿ ಟಿವಿಯನ್ನು ಮೂಲೆಗೆ ತಳ್ಳಿ ಮೇಲೊಂದು ಬೆಡ್‌ಶೀಟ್ ಹೊದಿಸಿದರು. ಅದರ ಸಣ್ಣ ಕೆಂಪು ದೀಪ ಮಾತ್ರ ಬಟ್ಟೆಯೊಳಗಿಂದ ಕಾಣುತ್ತಲೇ ಇತ್ತು.

"ಸಾವಿನ ಮನೇಲಿ ಸಿನಿಮಾ ಚಿಂತೆ ನೋಡು ಇವರಿಗೆ," ಎಂದು ಚಿಕ್ಕಮ್ಮ ಬಾಗಿಲಲ್ಲೇ ನಿಂತು ಗೊಣಗಿದರು. ಹೋದವರ ಒಡಹುಟ್ಟಿದ ತಂಗಿ. ಅಕ್ಕನ ಜೊತೆ ಎಪ್ಪತ್ತು ವರ್ಷ ಜಗಳವಾಡಿದವರು, ಇವತ್ತು ಜಗಳಕ್ಕೆ ಯಾರೂ ಸಿಗದೆ ಬೆಳಗಿನಿಂದ ಒದ್ದಾಡುತ್ತಿದ್ದರು. "ಜೀವಮಾನ ಪೂರ್ತಿ ಸಿನಿಮಾ ನೋಡಿದ್ದು ಸಾಲದು ಅಂತ ಸಿನಿಮಾ ಮುಂದೇನೇ ಹೋದಳು. ಪುಣ್ಯವಂತೆ ಬಿಡು."

ಚಿಕ್ಕಮ್ಮನ ಮಾತಿನಲ್ಲಿ ಒಂದು ತಪ್ಪಿತ್ತು. ಕೌಂಟರಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದ ಅವರ ಅಕ್ಕ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದರು. ಅಷ್ಟೂ ವರ್ಷ ಸಿನಿಮಾ ನೋಡಲಿಲ್ಲ. ಕೇಳಿಸಿಕೊಂಡರು.

*

ಟಿಕೆಟ್ ಕೋಣೆ ಅಂದರೆ ಒಂದು ಸ್ಟೂಲು, ಒಂದು ಮೇಜು, ಕೈ ಮಾತ್ರ ತೂರುವಷ್ಟು ಕಿಟಕಿ. ಬಾಲ್ಕನಿಗೆ ಗುಲಾಬಿ ಚೀಟಿ, ಕೆಳಗಿನ ಕ್ಲಾಸಿಗೆ ಹಳದಿ. ಸ್ಟೀಲಿನ ಸ್ಕೇಲ್ ಒತ್ತಿ ಹರಿಯಬೇಕು, ಕೆಂಪು ಪೆನ್ಸಿಲಿನಲ್ಲಿ ಸೀಟಿನ ನಂಬರು ಬರೆಯಬೇಕು. ಬೆನ್ನ ಹಿಂದೆ ಹಲಗೆಯ ಗೋಡೆ, ಅದರಾಚೆ ಸಿನಿಮಾ. ಮಾತು, ಹಾಡು, ಬಾಗಿಲು ಬಡಿದದ್ದು, ಬಳೆ ಒಡೆದದ್ದು ಎಲ್ಲ ಹಲಗೆ ದಾಟಿ ಅವರ ಕಿವಿಗೆ ಬರುತ್ತಿತ್ತು.

ಆದರೆ ಅರ್ಧ ಮಾತ್ರ. ಬೆಳಗಿನ ಆಟದ ಇಂಟರ್‌ವಲ್ ಆಗುತ್ತಿದ್ದಂತೆ ಮುಂದಿನ ಆಟದ ಜನ ಕಿಟಕಿಗೆ ಮುತ್ತಿಕೊಳ್ಳುತ್ತಿದ್ದರು. ಆ ಗದ್ದಲದಲ್ಲಿ ದೇವರು ಬಂದು ಕೂಗಿದರೂ ಕೇಳಿಸುತ್ತಿರಲಿಲ್ಲ. ಮಧ್ಯಾಹ್ನದ ಆಟದ ಇಂಟರ್‌ವಲ್‌ಗೆ ಕೌಂಟರ್ ಮುಚ್ಚಿ ಅವರು ಬಸ್ಸಿಗೆ ಓಡಬೇಕಿತ್ತು. ಮಗ ನಾಲ್ಕೂವರೆಗೆ ಶಾಲೆ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಅಪ್ಪ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಮನೆಯಿಂದ ಆಚೆ ಹೋದವರು ವಾಪಸ್ ಬಂದೇ ಬರುತ್ತಾರೆ ಎಂಬ ನಂಬಿಕೆ ಆ ಹುಡುಗನಿಗೆ ಇರಲಿಲ್ಲ.

ಹೀಗಾಗಿ ಇಂಟರ್‌ವಲ್ ಆದಮೇಲಿನ ಕತೆಯನ್ನು ಕೌಂಟರಮ್ಮ ಬಸ್ಸಿನಲ್ಲಿ ಕೂತು ತಾವೇ ಕಟ್ಟಿ, ಸಂಜೆ ತರಕಾರಿ ಹೆಚ್ಚುತ್ತಾ ಮಗನಿಗೆ ಹೇಳುತ್ತಿದ್ದರು. ಅವರ ಸಿನಿಮಾಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ವಿಲನ್‌ಗೆ ಜೋರು ಜ್ವರ ಬಂದು ಬುದ್ಧಿ ನೆಟ್ಟಗಾಗುತ್ತಿತ್ತು. ಮಗ ಅದೆಲ್ಲ ನಿಜವೆಂದೇ ನಂಬಿ ಬೆಳೆದ. ಏಳನೇ ಕ್ಲಾಸಿನಲ್ಲಿ ಒಬ್ಬ ಸಹಪಾಠಿ, "ಆ ರೈಲ್ವೆ ಸ್ಟೇಷನ್ ಸಿನಿಮಾದಲ್ಲಿ ಮಗೂನ ಬೆಂಚ್ ಮೇಲೆ ಬಿಟ್ಟು ಹೋದ ತಾಯಿ ವಾಪಸ್ ಬರೋದೇ ಇಲ್ಲ ಕಣೋ," ಎಂದಾಗ ಇವನು ಅವನ ಮೂಗಿಗೆ ಗುದ್ದಿದ. ಅವನ ಮೂಗಿಗೆ ಹತ್ತಿ ತುರುಕಿದರು, ಇವನಿಗೆ ಎರಡು ದಿನ ಕ್ಲಾಸಿನ ಹೊರಗೆ ನಿಲ್ಲುವ ಶಿಕ್ಷೆ. ಆ ಸಿನಿಮಾವನ್ನು ಅವನು ಅವತ್ತಿನಿಂದ ಇವತ್ತಿನವರೆಗೆ ನೋಡಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

ಬೆಡ್‌ಶೀಟಿನ ಕೆಳಗೆ ಅರ್ಧಕ್ಕೆ ನಿಂತಿದ್ದದ್ದು ಅದೇ ಸಿನಿಮಾ.

*

ಹನ್ನೊಂದರ ಹೊತ್ತಿಗೆ ಜನ ಸೇರಿದರು. ಕೌಂಟರಮ್ಮ ಮಂಚದ ಮೇಲೆ, ಏನೋ ತಮಾಷೆ ಹೇಳಲು ಹೊರಟು ತಡೆದುಕೊಂಡವರ ಹಾಗೆ ತುಟಿ ಬಿಗಿದು ಮಲಗಿದ್ದರು. ನೋಡಿದವರಿಗೆ ಅಳುವೂ ಬರುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

"ಹೇಗಾಯ್ತಮ್ಮ?" ಎಂದು ಪಕ್ಕದ ಮನೆಯ ಟೈಲರ್ ಕೇಳಿದರು.

"ನಿನ್ನೆ ಬೆಳಗಿನ ಟ್ರಿಪ್ ಮುಗಿಸಿ ಬಂದೆ," ಎಂದಳು ಸೊಸೆ. ಅವಳು ಸ್ಕೂಲ್ ಬಸ್ಸಿನ ಡ್ರೈವರ್. "ಕುರ್ಚಿಯಲ್ಲಿ ಕೂತಿದ್ರು, ಮಡಿಲಲ್ಲಿ ರಿಮೋಟು. ಎಂದಿನ ಹಾಗೆ ಕಣ್ಣು ಮುಚ್ಕೊಂಡಿದಾರೆ ಅಂದ್ಕೊಂಡೆ. ಕಾಫಿ ಬೇಕಾ ಅತ್ತೆ ಅಂತ ಎರಡು ಸಲ ಕೇಳ್ದೆ."

ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು.

"ನಮ್ಮಕ್ಕನಿಗೆ ಸೊಸೆ ಸಿಕ್ಕಲಿಲ್ಲ, ಗೆಳತಿ ಸಿಕ್ಕಿದಳು," ಎಂದು ಟೈಲರ್‌ಗೆ ಹೇಳಿದರು. "ನನಗೂ ಸಿಕ್ಕಿದಾಳೆ ಸೊಸೆ ಅಂತ ಒಬ್ಬಳು. ಸುಮ್ನಿರಿ, ಇಲ್ಲೇ ಎಲ್ಲೋ ಇರ್ತಾಳೆ."

*

ಸೊಸೆಗೆ ಬೆಳಿಗ್ಗೆ ಹತ್ತರಿಂದ ಎರಡೂವರೆವರೆಗೆ ಬಿಡುವು. ಅತ್ತೆಗೆ ಮೂರು ಹೊತ್ತೂ ಬಿಡುವು. ಎರಡು ವರ್ಷದ ಹಿಂದೆ ಒಂದು ದಿನ ಟಿವಿಯಲ್ಲಿ ಹಳೆಯದೊಂದು ಸಿನಿಮಾ ಬಂದಾಗ ಅತ್ತೆ ಪ್ರತಿ ಮಾತನ್ನೂ ನಟರಿಗಿಂತ ಮೊದಲೇ ಹೇಳತೊಡಗಿದರು.

"ಎಷ್ಟು ಸಲ ನೋಡಿದೀರ ಅತ್ತೆ ಇದನ್ನ?"

"ಇದೇ ಮೊದಲು."

ಅಲ್ಲಿಂದ ಶುರುವಾಯಿತು. ದಿನಕ್ಕೆ ಅರ್ಧ ಸಿನಿಮಾ. ಇವತ್ತು ಇಂಟರ್‌ವಲ್‌ವರೆಗೆ, ನಾಳೆ ಉಳಿದದ್ದು. ಮೂವತ್ತೊಂದು ವರ್ಷ ಕಿವಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮುಖ ಹೊತ್ತು ಬಂದರು. ಎಷ್ಟೋ ಸಲ ಅತ್ತೆಗೆ ನಿರಾಸೆ. ನೆಲ ನಡುಗುವಂತೆ ನಗುತ್ತಿದ್ದ ವಿಲನ್ ನೋಡಿದರೆ ಗೇಣುದ್ದದ ಮನುಷ್ಯ. "ಇಷ್ಟೇ ಇದಾನಾ ಇವನು? ಇವನಿಗೆ ಹೆದರಿ ನಾನು ಒಂದು ಸಲ ಬಾಲ್ಕನಿಗೆ ಹಳದಿ ಚೀಟಿ ಕೊಟ್ಟುಬಿಟ್ಟಿದ್ದೆ ಕಣೆ." ಅರಮನೆ ಅಂದುಕೊಂಡದ್ದು ಬಣ್ಣ ಬಳಿದ ಬಟ್ಟೆ. ಹೀರೋ ಬಾಗಿಲು ಬಡಿದರೆ ಗೋಡೆಯೇ ಅಲ್ಲಾಡುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಗಳ ವಿಷಯದಲ್ಲಂತೂ ಅತ್ತೆಗೆ ಯಾರ ಮೇಲೂ ಭರವಸೆಯಿರಲಿಲ್ಲ. "ಇಷ್ಟು ಚೆನ್ನಾಗಿ ಶುರು ಮಾಡಿ ಕೊನೇಲಿ ಕೆಡಿಸಿಟ್ಟಿದಾರೆ ನೋಡು. ಅವನನ್ನ ಸಾಯಿಸಿದ್ರಿಂದ ಯಾರಿಗೆ ಏನು ಸಿಕ್ತು? ನಂದೇ ವಾಸಿ."

ಹೊಸ ಸಿನಿಮಾಗಳಿಗೂ ಅವರದೊಂದು ಪರೀಕ್ಷೆಯಿತ್ತು. ಒಮ್ಮೆ ಮಗ ಎಲ್ಲರನ್ನೂ ದೊಡ್ಡ ಥಿಯೇಟರಿಗೆ ಕರೆದುಕೊಂಡು ಹೋದ. ಕಾಲು ಚಾಚಿ ಮಲಗಬಹುದಾದ ಸೀಟು. ಹತ್ತು ನಿಮಿಷಕ್ಕೆ ಅಮ್ಮ ಕಣ್ಣು ಮುಚ್ಚಿದರು.

"ನಿದ್ದೆ ಬಂತಾಮ್ಮ?"

"ನಿದ್ದೆ ಎಲ್ಲಿ ಬರುತ್ತೋ, ಕುರ್ಚಿ ಸಮೇತ ನಡುಗಿಸ್ತಿದಾರೆ. ಕೇಳ್ತಿದ್ದೆ. ಏನೂ ಕೇಳಿಸ್ಲಿಲ್ಲ."

"ಇಷ್ಟು ಸೌಂಡ್ ಇದೆಯಲ್ಲಮ್ಮ."

"ಸದ್ದು ಬೇರೆ, ಮಾತು ಬೇರೆ. ಕಣ್ಣು ಮುಚ್ಚಿದ್ರೆ ಕತೆ ನಿಂತು ಹೋಗುತ್ತೆ ಅಂದ್ರೆ ಅದೆಂಥ ಕತೆ?"

ಹಾಗೆಂದು ಅನ್ಯಾಯದ ಮಾತು ಆಡುವವರಲ್ಲ. "ಒಂದು ಮಾತ್ರ ಒಪ್ಪಬೇಕು," ಎಂದು ವಾಪಸ್ ಬರುವಾಗ ತಾವಾಗಿಯೇ ಹೇಳಿದರು. "ಈಗಿನ ಹೆಣ್ಮಕ್ಕಳು ನಮ್ಮನೇಲಿ ಮಾತಾಡೋ ಹಾಗೇ ಮಾತಾಡ್ತಾರೆ. ಆಗಿನವರು ನೀರು ಬೇಕು ಅನ್ನೋಕೂ ಭಾಷಣ ಮಾಡ್ತಿದ್ರು."

ಸ್ಟೇಷನ್ ಸಿನಿಮಾ ಸಿಕ್ಕಿದ್ದು ಹೋದ ವಾರ. ಮೊಮ್ಮಗಳಿಗೆ ರಜೆಯಿದ್ದ ದಿನ ಮೂವರೂ ಕೂತು ಅರ್ಧ ನೋಡಿದರು. ತಾಯಿ ಮಗುವನ್ನು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು, ಬಂದೆ," ಎಂದು ಹೋಗುತ್ತಾಳೆ. ಇಂಟರ್‌ವಲ್. ಮಾರನೆಯ ದಿನ ಉಳಿದದ್ದನ್ನು ಹಾಕಲು ಹೋದರೆ ಅತ್ತೆ, "ಇದು ನಾಳೆಗಿರಲಿ, ಇವತ್ತು ಬೇರೆ ಏನಾದ್ರೂ ನಗೋದು ಹಾಕು," ಎಂದರು. ಅದರ ಮಾರನೆಯ ದಿನವೂ ಅದೇ ಮಾತು. ಐದು ದಿನ ಹೀಗೆ ಕಳೆಯಿತು. ಸೊಸೆಗೆ ಅದು ಅರ್ಥವಾಗಿರಲಿಲ್ಲ. ಆದರೆ ನಿನ್ನೆ ಅವಳು ಬಂದು ನೋಡಿದಾಗ ಟಿವಿಯಲ್ಲಿ ಅದೇ ಸಿನಿಮಾ, ಅದೇ ಬೆಂಚಿನ ಹತ್ತಿರ ನಿಂತಿತ್ತು.

*

"ಅಪ್ಪಾ," ಎಂದು ಏಳು ವರ್ಷದ ಮಗಳು ಅಂಗಿ ಜಗ್ಗಿದಳು. ಸ್ಮಶಾನಕ್ಕೆ ಹೋಗುವ ವ್ಯಾನ್ ಬರಲು ಇನ್ನೂ ಒಂದು ಗಂಟೆಯಿತ್ತು. "ಬೆಂಚ್ ಮೇಲಿದ್ದ ಪಾಪು ಏನಾಯ್ತು? ಅಜ್ಜಿ ನಾಳೆ ತೋರಿಸ್ತೀನಿ ಅಂತ ದಿನಾ ಹೇಳ್ತಿದ್ರು."

"ಆಮೇಲೆ ನೋಡೋಣ ಪುಟ್ಟಿ."

"ಅವರಮ್ಮ ಬರ್ತಾಳೆ ತಾನೇ?"

ಮಗ ಅವಳ ಜುಟ್ಟು ಸರಿಮಾಡಿದ. ಬರುತ್ತಾಳೆ ಅಂದರೆ ಇವಳು ಇವತ್ತಲ್ಲ ನಾಳೆ ಆ ಸಿನಿಮಾ ನೋಡುತ್ತಾಳೆ. ಬರಲ್ಲ ಎಂದು, ಅದೂ ಅಜ್ಜಿಯ ಮಂಚದ ಪಕ್ಕದಲ್ಲಿ ನಿಂತು, ಯಾವ ಬಾಯಲ್ಲಿ ಹೇಳುವುದು? ಅಮ್ಮನಿದ್ದಿದ್ದರೆ ಕೇಳಬಹುದಿತ್ತು. ಅಮ್ಮನಿಗೂ ಕೊನೆ ಗೊತ್ತಿರಲಿಲ್ಲವಲ್ಲ ಎಂದುಕೊಂಡ.

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕರು ಬಂದರು. ಮಂಚದ ಹತ್ತಿರ ನಿಂತು ಕೌಂಟರಮ್ಮನ ಮುಖ ನೋಡಲಿಲ್ಲ, ಬಲಗೈಯನ್ನೇ ಬಹಳ ಹೊತ್ತು ನೋಡಿದರು. ಥಿಯೇಟರಿನ ಆಪರೇಟರ್. ಮೇಲಿನ ಕೋಣೆಯಲ್ಲಿ ಕೂತು ಸಿನಿಮಾ ಓಡಿಸುತ್ತಿದ್ದವರು.

"ಮೇಲಿಂದ ಬಗ್ಗಿ ನೋಡಿದ್ರೆ ಕಿಟಕಿಯಿಂದ ಆಚೆ ಬರೋ ಈ ಕೈ ಮಾತ್ರ ಕಾಣ್ತಿತ್ತು," ಎಂದರು. "ಬೆರಳ ತುದೀಲಿ ಯಾವಾಗಲೂ ಕೆಂಪು ಪೆನ್ಸಿಲ್ ಬಣ್ಣ."

ಮಗ ಕುರ್ಚಿ ಎಳೆದು ಕೂರಿಸಿದ. ನೀರು ಕೊಟ್ಟ. ಆಮೇಲೆ, ಕೇಳಬಾರದು ಅಂದುಕೊಂಡೇ ಕೇಳಿಬಿಟ್ಟ. "ಆ ರೈಲ್ವೆ ಸ್ಟೇಷನ್ ಸಿನಿಮಾ ಇತ್ತಲ್ಲ. ಕೊನೇಲಿ ಆ ತಾಯಿ ವಾಪಸ್ ಬರ್ತಾಳಾ?"

ಆಪರೇಟರ್ ಅವನ ಮುಖವನ್ನೇ ನೋಡಿದರು. "ನಿಮ್ಮಮ್ಮಾನೂ ಇದೇ ಕೇಳಿದ್ರು ಕಣಪ್ಪ, ಅಕ್ಷರ ಬಿಡದೆ. ಮೂರನೇ ವಾರ, ಮಧ್ಯಾಹ್ನದ ಆಟ. ಇಂಟರ್‌ವಲ್‌ನಲ್ಲಿ ಮೆಟ್ಟಿಲು ಹತ್ತಿ ಬಂದು ಕೇಳಿದ್ರು. ಇಲ್ಲೇ ಕೂತು ನೋಡಿಬಿಡಿ ಅಂತ ಸ್ಟೂಲ್ ಹಾಕಿಕೊಟ್ಟೆ."

"ಅಮ್ಮ ನೋಡಿದ್ರಾ? ಪೂರ್ತಿ?"

"ನನ್ನ ಪಕ್ಕದಲ್ಲೇ, ಗೋಡೇಲಿದ್ದ ಆ ಸಣ್ಣ ಗಾಜಿನ ಕಿಂಡಿಗೆ ಕಣ್ಣಿಟ್ಟು ನೋಡಿದ್ರು. ತಾಯಿ ಬರಲ್ಲ. ರೈಲು ಹೋಗುತ್ತೆ, ಮಗು ಕೂತೇ ಇರುತ್ತೆ. ಅಷ್ಟೇ, ಮುಗೀತು. ದೀಪ ಹಾಕಿದ್ರೂ ನಿಮ್ಮಮ್ಮ ಏಳ್ಲಿಲ್ಲ. ಆಮೇಲೆ ಗಡಿಯಾರ ನೋಡಿ, ಅಯ್ಯೋ ಮಗ ಮೆಟ್ಟಿಲ ಮೇಲೆ ಕೂತಿರ್ತಾನೆ ಅಂತ ಓಡಿದ್ರು. ಬಾಗಿಲಲ್ಲಿ ತಿರುಗಿ, 'ಅವನಿಗೆ ಏನಂತ ಹೇಳ್ಲಿ?' ಅಂದ್ರು. ಅದಾದಮೇಲೆ ಎಷ್ಟು ಕರೆದರೂ ಮೇಲೆ ಬರ್ಲಿಲ್ಲ."

*

ಆ ಸಂಜೆ ಮಗನಿಗೆ ಚೆನ್ನಾಗಿ ನೆನಪಿತ್ತು. ಅವನಿಗೆ ಆಗ ಏಳು. ಐದಾಯಿತು, ಐದೂವರೆಯಾಯಿತು. ಶಾಲೆಯ ಚೀಲವನ್ನು ಹೆಗಲಿನಿಂದ ಇಳಿಸದೆ ಮೆಟ್ಟಿಲ ಮೇಲೆ ಕೂತಿದ್ದ. ಇನ್ನು ಅಮ್ಮ ಬರುವುದಿಲ್ಲ ಎಂದು ತೀರ್ಮಾನವನ್ನೇ ಮಾಡಿಬಿಟ್ಟಿದ್ದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಅಮ್ಮ ಓಡಿ ಬರುವುದು ಕಂಡಿತು. ಜಡೆ ಬಿಚ್ಚಿಹೋಗಿತ್ತು, ಒಂದು ಚಪ್ಪಲಿ ಕೈಯಲ್ಲಿತ್ತು.

"ಯಾಕಮ್ಮ ಇಷ್ಟೊತ್ತು?"

"ಕ್ಯೂ ಇತ್ತು ಕಣೋ," ಎಂದು ಅವರು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಚೀಲ ಇಳಿಸಿ, ಏದುಸಿರಿನಲ್ಲೇ ಕತೆ ಶುರು ಮಾಡಿದರು. ಆ ಸಿನಿಮಾದ ಅಮ್ಮನೂ ಹಾಗೇ. ಎಲ್ಲೂ ಹೋಗಿರಲಿಲ್ಲ. ಟಿಕೆಟ್ ತರಲು ಹೋಗಿದ್ದಳು, ಕಿಟಕಿಯ ಮುಂದೆ ಉದ್ದ ಕ್ಯೂ ಇತ್ತು, ಅಷ್ಟೇ.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಐದು ಗಂಟೆ. ಚಿಕ್ಕಮ್ಮ ಅಡುಗೆಮನೆ ಹೊಕ್ಕು ಅಕ್ಕನ ಡಬ್ಬಿಗಳನ್ನೆಲ್ಲ ತೆಗೆದು ನೋಡಿ, "ಎಲ್ಲಾದಕ್ಕೂ ಚೀಟಿ ಅಂಟಿಸಿದಾಳೆ, ಒಂದರಲ್ಲೂ ಚೀಟೀಲಿ ಬರೆದದ್ದು ಇಲ್ಲ," ಎಂದು ಬೈಯುತ್ತಾ ಕಣ್ಣೊರೆಸಿಕೊಂಡರು. ಮಗ ನಕ್ಕ. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಎಲ್ಲೋ ಇಳಿದಿತ್ತು. ಅಮ್ಮ ಹೋದದ್ದು ನೋವೇ. ಆದರೆ ಅವನಿಗೆ ಈಗ ಭಯವಾಗುತ್ತಿರಲಿಲ್ಲ.

ಮೂಲೆಗೆ ಹೋಗಿ ಬೆಡ್‌ಶೀಟ್ ಎಳೆದ. ಟಿವಿಯನ್ನು ಅದರ ಜಾಗಕ್ಕೆ ತಳ್ಳಿದ.

"ಈಗ ಬೇಡ ರೀ," ಎಂದಳು ಹೆಂಡತಿ ಮೆಲ್ಲಗೆ. "ಮಗು ನೋಡಿದ್ರೆ…"

"ನೋಡ್ಲಿ ಬಿಡು."

ಮಗಳು ಓಡಿಬಂದು ಅಜ್ಜಿಯ ಕುರ್ಚಿಯ ನಟ್ಟನಡುವೆ ಕೂತಳು. ಮಗ ನೆಲದ ಮೇಲೆ, ಅವಳ ಕಾಲ ಬಳಿ ಕೂತು ರಿಮೋಟ್ ಎತ್ತಿಕೊಂಡ. ಮೊದಲು ಸದ್ದನ್ನು ಪೂರ್ತಿ ತೆಗೆದ. ಆಮೇಲೆ ಸಿನಿಮಾ ಬಿಟ್ಟ. ಕಪ್ಪು ಬಿಳುಪಿನ ಪ್ಲಾಟ್‌ಫಾರಂ, ಬೆಂಚು, ಕಾಲು ನೆಲಕ್ಕೆ ಎಟುಕದ ಮಗು.

"ಮಾತೇ ಕೇಳಿಸ್ತಿಲ್ಲ ಅಪ್ಪ."

"ನಾನು ಹೇಳ್ತೀನಿ. ಇದು ನಿಮ್ಮಜ್ಜಿ ಹೇಳಿದ್ದು. ಪಾಪುನ ಅಮ್ಮ ಎಲ್ಲೂ ಹೋಗಿಲ್ಲ. ಟಿಕೆಟ್ ತರೋಕೆ ಹೋಗಿದಾಳೆ. ಅಲ್ಲೊಂದು ಸಣ್ಣ ಕಿಟಕಿ. ಒಳಗಿರೋರ ಕೈ ಮಾತ್ರ ಕಾಣುತ್ತೆ, ಬೆರಳ ತುದೀಲಿ ಕೆಂಪು ಬಣ್ಣ. ಕಿಟಕಿ ಮುಂದೆ ಇಷ್ಟುದ್ದ ಕ್ಯೂ."

"ಎಷ್ಟು ಜನ?"

"ಒಂಬತ್ತು."

ಮಗಳು ಕಣ್ಣು ಮುಚ್ಚಿಕೊಂಡಳು. ಅಜ್ಜಿ ಕಲಿಸಿದ ಪರೀಕ್ಷೆ. ಮಗ ಹೇಳುತ್ತಾ ಹೋದ. ಕ್ಯೂನಲ್ಲಿದ್ದ ಒಬ್ಬ ದಪ್ಪನೆಯ ಮನುಷ್ಯನಿಗೆ ಯಾವ ಊರಿಗೆ ಹೋಗಬೇಕೆಂದೇ ಮರೆತುಹೋಗಿತ್ತು. ಒಬ್ಬ ಅಜ್ಜಿ ಕಿಟಕಿಯ ಮುಂದೆ ನಿಂತು ಕನ್ನಡಕ ಹುಡುಕತೊಡಗಿದಳು. ಬಾಗಿಲಿಗೆ ಒರಗಿ ನಿಂತ ಸೊಸೆ ಮಾತ್ರ ಪರದೆ ನೋಡುತ್ತಿದ್ದಳು. ಅಲ್ಲಿ ರೈಲು ಬಂದು, ನಿಂತು, ಹೊರಟಿತು. ಪ್ಲಾಟ್‌ಫಾರಂ ಖಾಲಿಯಾಯಿತು.

"ಈಗ ಎಷ್ಟು ಜನ ಇದಾರೆ?"

"ಇನ್ನೊಬ್ಬರೇ. ಅವರದಾದಮೇಲೆ ಅಮ್ಮಂದು."

ಮಗಳು ಕಣ್ಣು ಬಿಡಲಿಲ್ಲ. ಕುರ್ಚಿಯ ನಡುವಿನಿಂದ ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದಳು.